ಕರೆಂಟಿನ ಗಾಯಕ್ಕೆ ನಂಬರಿನ ಬಾಟ್ಲಿ

ಎಮರ್ಜೆನ್ಸಿ ಮುಗಿದು ಚುನಾವಣೆಯಾದ ವರ್ಷ, ಮಳೆಗಾಲದ ಆರಂಭದಲ್ಲಿ, ನನಗೆ ಹಿಂದಿನಿಂದ ರಕ್ತ ಹೋಗಲು ಶುರುವಾಯಿತು. ಇಷ್ಟು ನೇರವಾಗಿ ಈ ಮಾತು ಬರೆಯಲು ನನಗೆ ಎರಡು ವರ್ಷ ಬೇಕಾದವು. ಆಗ, ಕಟ್ಟಿಕೊಂಡ ಗಂಡನ ಮುಂದೆಯೂ ಇದನ್ನು ಆಡಿರಲಿಲ್ಲ.

ಅದಕ್ಕೂ ಒಂದೂವರೆ ವರ್ಷ ಮೊದಲು ಗರ್ಭಕೋಶದ ಬಾಯಿಗೆ ಕ್ಯಾನ್ಸರ್ ಆಗಿ, ಪರ ಊರಿನ ದೊಡ್ಡ ದವಾಖಾನೆಯಲ್ಲಿ ಐದು ವಾರ ‘ಕರೆಂಟ್’ ಕೊಡಿಸಿಕೊಂಡು ಬಂದಿದ್ದೆ. ಕೋಬಾಲ್ಟ್ ಯಂತ್ರದ ಕೆಳಗೆ ಮಲಗಿಸಿ ಕಿರಣ ಹಾಯಿಸುವುದಕ್ಕೆ ನಮ್ಮ ಕಡೆ ಎಲ್ಲರೂ ಹಾಗೇ ಅನ್ನುತ್ತಾರೆ. ರೋಗ ಹೋಗಿದೆ ಎಂದು ಅಲ್ಲಿನವರು ಹೇಳಿ ಕಳಿಸಿದ್ದರು. ನಾನು ಬಬಲೇಶ್ವರಕ್ಕೆ ಮರಳಿ, ಹೆಣ್ಣುಮಕ್ಕಳ ಶಾಲೆಯಲ್ಲಿ ನಾಲ್ಕನೆಯ ಇಯತ್ತೆಗೆ ಮತ್ತೆ ಕಲಿಸಲು ನಿಂತಿದ್ದೆ. ‘ಶಾಂತಾ ಅಕ್ಕೋರು ಸತ್ತು ಹುಟ್ಟಿ ಬಂದಾರ’ ಎಂದು ಊರವರು ಹೇಳಿಕೊಳ್ಳುವಷ್ಟು ಚೆನ್ನಾಗಿದ್ದೆ. ಆದ್ದರಿಂದ ಮೊದಲ ದಿನ ರಕ್ತ ಕಂಡಾಗ ನನಗೆ ಬಂದದ್ದು ಒಂದೇ ಯೋಚನೆ: ಒಂದು ಬಾಗಿಲಿನಿಂದ ಹೋದದ್ದು ಇನ್ನೊಂದು ಬಾಗಿಲಿನಿಂದ ತಿರುಗಿ ಬಂದಿದೆ.

ರಕ್ತಕ್ಕಿಂತ ಅವಸರ ಕೆಟ್ಟದ್ದು. ದಿನಕ್ಕೆ ಎಂಟು ಸಲ, ಹತ್ತು ಸಲ, ಹೇಳದೆ ಕೇಳದೆ ಬರುತ್ತಿತ್ತು. ನಮ್ಮ ಊರಿನಲ್ಲಿ ಹೆಂಗಸರು ಬಯಲಿಗೆ ಹೋಗುತ್ತಿದ್ದುದು ಬೆಳಕು ಹರಿಯುವ ಮೊದಲು, ಇಲ್ಲವೇ ಹೊತ್ತು ಮುಳುಗಿದ ಮೇಲೆ. ಹಾಡುಹಗಲು ಹನ್ನೊಂದು ಗಂಟೆಗೆ, ಭಾಗಾಕಾರದ ಲೆಕ್ಕ ಹಲಗೆಯ ಮೇಲೆ ಅರ್ಧ ಬಿಟ್ಟು, ಎಲ್ಲಿಗೆ ಹೋಗಲಿ? ಹುಡುಗಿಯರಿಗೆ ಮಗ್ಗಿ ಬರೆಯಲು ಹಚ್ಚಿ ಮನೆಗೆ ಓಡುತ್ತಿದ್ದೆ. ಪುಣ್ಯಕ್ಕೆ ಮನೆ ಮೂರೇ ಓಣಿಯಾಚೆ ಇತ್ತು.

ನಮ್ಮ ಅತ್ತೆ ಇದನ್ನು ಬೇಗ ಹಿಡಿದರು. “ಮೂಲವ್ಯಾಧಿ ಅದು. ಬಿಸಿ ಪದಾರ್ಥ ತಿಂದೀ. ಮಜ್ಜಿಗಿ ಕುಡಿ, ಮೂಲಂಗಿ ತಿನ್ನು” ಎಂದರು. ನಾನು ಕುಡಿದೆ, ತಿಂದೆ. ಅವರು ಅಂದದ್ದೇ ನಿಜವಾಗಲಿ ಎಂದು ಆಸೆಪಟ್ಟೆ. ಮೂಲವ್ಯಾಧಿಗಾಗಿ ಅಷ್ಟು ಆಸೆಪಟ್ಟವರು ಬೇರೆ ಯಾರೂ ಇರಲಿಕ್ಕಿಲ್ಲ.

ನನ್ನ ಗಂಡ ರಾಮಣ್ಣ ಊರ ಬಜಾರಿನಲ್ಲಿ ಹೊಲಿಗೆ ಅಂಗಡಿ ಇಟ್ಟವರು. ಮಾತು ಕಡಿಮೆ. ಒಂದು ದಿನ ಸೀರೆ ತೆಗೆಯಲು ಟ್ರಂಕು ತೆರೆದರೆ ಮೇಲೆಯೇ ಒಂದು ಗಂಟು ಕಂಡಿತು. ಬಿಚ್ಚಿದೆ. ಹಳೆಯ ಧೋತರದ ಮೆತ್ತನೆಯ ಬಟ್ಟೆಯನ್ನು ನಾಲ್ಕು ಪದರು ಮಾಡಿ, ಅಂಚು ಮಡಚಿ, ಚುಚ್ಚದಂತೆ ಹೊಲಿದ ಮಡಿಕೆಗಳು. ಇಪ್ಪತ್ತಕ್ಕೂ ಹೆಚ್ಚು. ಅವರು ಎಲ್ಲವನ್ನೂ ನೋಡಿದ್ದರು. ನಾನು ಒಗೆದು ಅಡ್ಡಗೋಡೆಯ ಹಿಂದೆ ಒಣಗಿಸುತ್ತಿದ್ದುದನ್ನು, ಊಟ ಅರ್ಧಕ್ಕೆ ಬಿಟ್ಟು ಏಳುತ್ತಿದ್ದುದನ್ನು. ಅದೇ ವಾರ ಹಿತ್ತಿಲಲ್ಲಿ ಗುಂಡಿ ತೆಗೆಸಿ ಸುತ್ತಲೂ ತಟ್ಟಿ ಕಟ್ಟಿಸಿದರು. “ಅವ್ವಗ ವಯಸ್ಸಾತು, ಬಯಲಿಗೆ ಹೋಗೂದು ತ್ರಾಸ” ಎಂದು ಊರಿಗೆ ಹೇಳಿದರು.

ಆ ದಿನ ನಾನು ಅತ್ತುಬಿಟ್ಟೆ. ರಾಮಣ್ಣ ಎದುರು ಕೂತು ಅಂದರು: “ನೀ ಏನೂ ಹೇಳಬ್ಯಾಡ ಶಾಂತಾ. ಆದ್ರ ದವಾಖಾನಿಗೆ ಹೋಗೂಣ. ಅದು ಏನರ ಇರಲಿ, ಇಬ್ಬರೂ ಕೂಡಿ ಕೇಳೂಣ.”

ಬಬಲೇಶ್ವರದಿಂದ ವಿಜಾಪುರಕ್ಕೆ ಬಸ್ಸಿನಲ್ಲಿ ಒಂದು ತಾಸಿನ ದಾರಿ. ಹಿಂದಿನ ದಿನದಿಂದ ಉಪವಾಸವಿದ್ದರೂ ನಡುದಾರಿಯಲ್ಲಿ ಅವಸರವಾಯಿತು. ರಾಮಣ್ಣ ಎದ್ದು ಹೋಗಿ ಕಂಡಕ್ಟರನ ಕಿವಿಯಲ್ಲಿ ಏನೋ ಹೇಳಿದರು. ಅವನು ಗಂಟೆ ಎಳೆದ. ಜೋಳದ ಹೊಲ ಇನ್ನೂ ಮೊಳಕಾಲೆತ್ತರವೂ ಬಂದಿರಲಿಲ್ಲ, ಮರೆಗೆ ಒಂದು ಗಿಡವಿಲ್ಲ. ನಾನು ಇಳಿದು ದಿಕ್ಕು ತಪ್ಪಿ ನಿಂತಾಗ ಹಿಂದೆಯೇ ಒಬ್ಬ ಮುದುಕಿ ಇಳಿದು ಬಂದಳು. ನನ್ನ ಗುರುತಿನವಳಲ್ಲ. “ಕುಂದ್ರ ಮಗಳ, ನಾ ನಿಂತೇನಿ” ಎಂದು ಬಸ್ಸಿಗೆ ಅಡ್ಡವಾಗಿ ಸೆರಗು ಹಿಡಿದು ನಿಂತಳು. ಬಸ್ಸಿನ ಕಡೆ ತಿರುಗಿ, “ಏನ್ ನೋಡ್ತೀರ್ಯೋ, ನಿಮ್ಮವ್ವಗ ಹೊಟ್ಟಿ ಇರಲಿಲ್ಲೇನು?” ಎಂದು ಗದರಿದಳು. ಅವಳ ಹೆಸರು ಕೇಳಲಿಲ್ಲ. ದೇವರಿಗೆ ಕೈ ಮುಗಿಯುವಾಗ ಈಗಲೂ ಅವಳ ಪಾಲಿನದನ್ನು ಬೇರೆಯಾಗಿ ಮುಗಿಯುತ್ತೇನೆ.

ವಿಜಾಪುರದ ಸ್ಟೇಷನ್ ರಸ್ತೆಯಿಂದ ಒಳಗೆ ಹೋದರೆ ನಾವು ತೋರಿಸಬೇಕಿದ್ದ ದವಾಖಾನೆ. ಹೊರಗೆ ಉದ್ದನೆಯ ಕಲ್ಲಿನ ಕಟ್ಟೆ, ಅದರ ತುಂಬ ಜನ. ನಾನು ಬಾಗಿಲಿಗೆ ಹತ್ತಿರ, ಒಂದು ಮಗ್ಗಲಿಗೆ ಭಾರ ಹಾಕಿ ಕೂತೆ. ಪಕ್ಕದಲ್ಲಿ ನನಗಿಂತ ಹತ್ತು ವರ್ಷ ಹಿರಿಯಳಾದ ಒಬ್ಬ ಹೆಂಗಸು ನನ್ನಂತೆಯೇ ಓರೆಯಾಗಿ ಕೂತಿದ್ದಳು. ನನ್ನನ್ನು ಒಂದು ಗಳಿಗೆ ನೋಡಿ, ದನಿ ತಗ್ಗಿಸದೆ ಕೇಳಿದಳು: “ಕರೆಂಟ್ ಕೊಡಿಸ್ಕೊಂಡ್ ಬಂದೀರೇನ್ರಿ?”

ನಾನು ಬೆಚ್ಚಿದೆ. “ನಿಮಗ ಹೆಂಗ ಗೊತ್ತಾತ್ರಿ?”

“ನೀವು ಕುಂತ ರೀತಿ ನೋಡಿದೆ. ನನ್ನ ಕನ್ನಡಿ ನೋಡಿದಂಗಾತು.”

ಅವಳು ಖಾತೂನಬಿ. ಟಿಕೋಟಾದವಳು. ಮನೆತನದ ಕೆಲಸ ಹತ್ತಿ ಹಿಂಜಿ ಗಾದಿ ತುಂಬುವುದು. ಅವಳಿಗೂ ಅದೇ ಕ್ಯಾನ್ಸರ್, ಅದೇ ಊರಿನ ಅದೇ ಯಂತ್ರ, ನನಗಿಂತ ಆರು ತಿಂಗಳು ಮೊದಲು. ಈಗ ಇದೇ ರಕ್ತ. “ಊರಾಗ ಎಲ್ಲರೂ ಮೂಲವ್ಯಾಧಿ ಅಂತಾರ” ಎಂದಳು. “ನಮ್ಮ ಮನ್ಯಾಗೂ” ಎಂದೆ. ಇಬ್ಬರಿಗೂ ನಗು ಬಂತು.

ಡಾಕ್ಟರರ ಹೆಸರು ಬರೆಯುವುದಿಲ್ಲ, ಅವರಿಗೆ ಇಷ್ಟವಾಗಲಿಕ್ಕಿಲ್ಲ. ದುರ್ಬೀನು ಹಾಕಿ ಒಳಗೆ ನೋಡುವಾಗ ನರ್ಸ್ ನನ್ನ ಕೈ ಹಿಡಿದುಕೊಂಡಿದ್ದಳು. ನೋವಿಗಿಂತ ನಾಚಿಕೆ ಹೆಚ್ಚು, ನಾಚಿಕೆಗಿಂತ ಭಯ ಹೆಚ್ಚು. ಒಂದು ಚೂರು ಮಾಂಸ ತೆಗೆದು ಪರೀಕ್ಷೆಗೆ ಕಳಿಸಿದರು. ಹತ್ತು ದಿನ ಕಾದೆವು. ಆ ಹತ್ತು ದಿನ ರಾಮಣ್ಣ ಅಂಗಡಿಯಲ್ಲಿ ಒಂದು ಅಂಗಿಯ ಎರಡೂ ತೋಳನ್ನು ಎಡಗಡೆಯವನ್ನೇ ಹೊಲಿದರು.

ಹನ್ನೊಂದನೆಯ ದಿನ ಡಾಕ್ಟರರು ಕೂಡಿಸಿ ಹೇಳಿದರು: “ಅಕ್ಕೋರ, ಹಳೇ ರೋಗ ತಿರುಗಿ ಬಂದಿಲ್ಲರಿ. ಕರೆಂಟ್ ಕೊಟ್ಟಾಗ ಪಕ್ಕದಾಗಿನ ಕರುಳಿಗೂ ಕಾವು ತಾಗೇತಿ. ಒಲಿ ಮುಂದ ಕುಂತವರಿಗೆ ತಾಗಿದಂಗ. ಒಳಗ ಗಾಯ ಆಗೇತಿ, ರಕ್ತ ಅದರದು.”

“ಕ್ಯಾನ್ಸರ್ ಅಲ್ಲರಿ?” ರಾಮಣ್ಣ ಮೂರು ಸಲ ಕೇಳಿದರು. ಮೂರು ಸಲವೂ ಅವರು “ಅಲ್ಲ” ಎಂದರು. ನಾವು ಹೊರಗೆ ಬಂದು ಸಿದ್ಧೇಶ್ವರ ಗುಡಿಗೆ ಹೋಗಿ, ಕಾಯಿ ಒಡೆಸುವುದನ್ನೂ ಮರೆತು, ಸುಮ್ಮನೆ ಕೂತು ಬಂದೆವು.

ಆದರೆ ಗಾಯಕ್ಕೆ ಔಷಧ? ಅಲ್ಲಿಯೇ ಕಥೆಯಿತ್ತು. ಯಾವುದು ನಾಟುತ್ತದೆ ಎಂದು ಯಾರಿಗೂ ಖಾತ್ರಿಯಿರಲಿಲ್ಲ. ಕರೆಂಟ್ ಕೊಟ್ಟ ದವಾಖಾನೆಯವರೂ ನಮ್ಮ ಡಾಕ್ಟರರೂ ಕೂಡಿ ಅದನ್ನೇ ಶೋಧಿಸುತ್ತಿದ್ದರು. ಖಾತೂನಬಿಯನ್ನೂ ನನ್ನನ್ನೂ ಎದುರು ಕೂಡಿಸಿಕೊಂಡು ಬಿಡಿಸಿ ಹೇಳಿದರು. ಸಣ್ಣ ಬಾಟ್ಲಿಗಳು, ಮೇಲೆ ನಂಬರು. ದಿನಕ್ಕೊಂದು, ಎನಿಮಾದಂತೆ ಒಳಗೆ ಏರಿಸಿಕೊಂಡು ಅರ್ಧ ತಾಸು ತಡೆದು ಮಲಗಬೇಕು. ಒಟ್ಟು ಆರು ವಾರ. “ಕೆಲವು ಬಾಟ್ಲ್ಯಾಗ ಔಷಧ ಐತಿ, ಕೆಲವುದರಾಗ ಬರೇ ಉಪ್ಪುನೀರು. ಯಾರಿಗೆ ಯಾವುದು ಅಂತ ನಿಮಗೂ ಗೊತ್ತಿರಂಗಿಲ್ಲ, ನನಗೂ ಗೊತ್ತಿಲ್ಲ. ಯಾರಿಗೆ ಯಾವುದು ಅಂತ ಬರೆದ ಚೀಟಿ ಮುಚ್ಚಿ ಆ ದೊಡ್ಡ ದವಾಖಾನ್ಯಾಗ ಇಟ್ಟಾರ.”

ಖಾತೂನಬಿ ಹುಬ್ಬೇರಿಸಿದಳು. “ಗೊತ್ತಿಲ್ಲದ ಡಾಕ್ಟರ್‌ನ ಹುಡುಕ್ಕೊಂಡು ಟಿಕೋಟಾದಿಂದ ಬಂದಂಗಾತಲ್ರಿ!”

ಅವರು ನಕ್ಕರು. “ಹೌದ್ರಿ. ಗೊತ್ತು ಮಾಡ್ಕೋಬೇಕಂತನ ನಿಮ್ಮನ್ನ ಕೇಳಾಕತ್ತೇನಿ. ಒಲ್ಲೆ ಅಂದ್ರ ಒಲ್ಲೆ. ನಿಮ್ಮನ್ನ ನೋಡೂದು ಬಿಡಂಗಿಲ್ಲ. ಮತ್ತ, ರಕ್ತ ಬಾಳ ಹೋದ್ರ ಬಾಟ್ಲಿ ಅಲ್ಲೇ ನಿಲ್ಲಿಸಿ ಬ್ಯಾರೆ ಉಪಚಾರ ಮಾಡ್ತೀವಿ.”

ಇಬ್ಬರೂ ಒಪ್ಪಿದೆವು. ನಾನು ಸಹಿ ಮಾಡಿದೆ, ಅವಳು ಹೆಬ್ಬೆಟ್ಟು ಒತ್ತಿದಳು.

ದಿನಾ ಎಷ್ಟು ಸಲ ಹೋದದ್ದು, ರಕ್ತ ಇತ್ತೋ ಇಲ್ಲವೋ ಎಂದು ಬರೆದಿಡಲು ಒಂದೊಂದು ವಹಿ ಕೊಟ್ಟರು. ಖಾತೂನಬಿಗೆ ಓದುಬರಹವಿಲ್ಲ. “ನಾ ನೂಲಿನ ಮನಿಯಾಕಿ, ದಾರದಾಗ ಬರೀತೇನಿ” ಎಂದಳು. ಎರಡು ವಾರದ ನಂತರ ಬಂದಾಗ ನಿಜವಾಗಿಯೂ ಒಂದು ಬಿಳಿ ದಾರದ ಉಂಡೆ ತಂದಳು. ಹೋದ ಸಲಕ್ಕೊಂದು ಗಂಟು, ರಕ್ತವಿದ್ದರೆ ಆ ಗಂಟಿಗೆ ಕೆಂಪು ನೂಲು. ದಿನದಿನಕ್ಕೆ ನಡುವೆ ಒಂದು ಗೇಣು ಜಾಗ. ನರ್ಸ್ ಕಣ್ಣು ಬಿಟ್ಟಳು. ನಾನು ಕೂತು ದಾರವನ್ನು ಓದಿ ವಹಿಗೆ ಇಳಿಸಿಕೊಟ್ಟೆ. ನನ್ನ ಎಷ್ಟೋ ವಿದ್ಯಾರ್ಥಿನಿಯರ ಅಕ್ಷರಕ್ಕಿಂತ ಅದು ಸ್ಪಷ್ಟವಾಗಿತ್ತು.

ಮನೆಯಲ್ಲಿ ನಾನು ಸಂಜೆ ಶಾಲೆಯಿಂದ ಬಂದು, ಬಾಟ್ಲಿಯನ್ನು ಬೆಚ್ಚಗಿನ ನೀರಿನಲ್ಲಿಟ್ಟು, ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಮೊದಲ ಮೂರು ದಿನ ತಡೆಯಲಾಗಲಿಲ್ಲ, ಹಾಸಿಗೆಯೆಲ್ಲ ಹಾಳಾಯಿತು. ನಾಲ್ಕನೆಯ ದಿನ ರಾಮಣ್ಣ ಅಂಗಡಿಯ ಒಂದು ಹೊಲಿಗೆ ಯಂತ್ರವನ್ನು ಮನೆಗೆ ಹೊತ್ತು ತಂದು ನನ್ನ ಬಾಗಿಲ ಹೊರಗೇ ಇಟ್ಟರು. “ನಾ ಒಂದು ಪೈಜಾಮಾ ಹೊಲಿಯೂದಕ್ಕ ಅರ್ಧ ತಾಸು ಹಿಡಿತೈತಿ. ನೀ ಅದರ ಸಪ್ಪಳ ಕೇಳ್ಕೊಂತ ಮಲಗು. ನಿಂತಾಗ ಏಳು.” ಹಾಗೇ ಮಾಡಿದೆ. ಆ ಆರು ವಾರ ಬಬಲೇಶ್ವರದಲ್ಲಿ ಪೈಜಾಮಾಗಳಿಗೆ ಕೊರತೆಯಾಗಲಿಲ್ಲ.

ಎರಡನೆಯ ವಾರ ಮುಗಿಯುವಾಗ ಒಂದು ದಿನ ರಕ್ತವಿಲ್ಲ. ನಂಬಲಿಲ್ಲ. ಮೂರನೆಯ ವಾರ ನಾಲ್ಕು ದಿನ ಇಲ್ಲ. ನಾಲ್ಕನೆಯ ವಾರ ಪೂರ್ತಿ ಇಲ್ಲ. ಒಂದು ಪಾಠವನ್ನು ಶುರುವಿನಿಂದ ಕೊನೆಯವರೆಗೆ ನಿಂತು ಮುಗಿಸಿದ ದಿನ ನನ್ನ ಸಂತೋಷಕ್ಕೆ ಕಾರಣ ತಿಳಿಯದೆ ಹುಡುಗಿಯರೂ ನಕ್ಕರು. ನನ್ನದು ಔಷಧದ ಬಾಟ್ಲಿ ಎಂಬುದರಲ್ಲಿ ಮನೆಯಲ್ಲಿ ಯಾರಿಗೂ ಸಂಶಯವಿರಲಿಲ್ಲ. ಅತ್ತೆ ಖಾಲಿ ಬಾಟ್ಲಿಗಳನ್ನು ಎಸೆಯದೆ ದೇವರ ಗೂಡಿನ ಕೆಳಗೆ ಜೋಡಿಸಿಟ್ಟಿದ್ದರು.

ನಾಲ್ಕನೆಯ ವಾರದ ಭೇಟಿಗೆ ಖಾತೂನಬಿ ಬರಲಿಲ್ಲ. ಅವಳ ಯಜಮಾನರು ಬಂದು ನರ್ಸ್ ಕೈಗೆ ದಾರದ ಉಂಡೆ ಕೊಟ್ಟು, ಮುಂದಿನ ಬಾಟ್ಲಿಗಳನ್ನು ತೆಗೆದುಕೊಂಡು ಹೋಗಿಬಿಟ್ಟಿದ್ದರಂತೆ. ಓದಿಕೊಡಲು ನನ್ನನ್ನೇ ಕರೆದರು. ಉಂಡೆ ಬಿಚ್ಚಿದೆ. ಕೆಂಪು, ಕೆಂಪು, ಕೆಂಪು. ಕೊನೆಯ ದಿನಗಳಲ್ಲಿ ಬಿಳಿಯ ಗಂಟೇ ಇರಲಿಲ್ಲ. ಎಣಿಸಿ ವಹಿಗೆ ಇಳಿಸಿದೆ. ಡಾಕ್ಟರರು ನೋಡಿ, “ಈಕಿನ್ನ ತಕ್ಷಣ ಕರಸ್ಬೇಕು, ಯಾರನ್ನರ ಕಳಸ್ರಿ” ಎಂದರು.

“ನಾ ನಾಳೆ ಹೋಗ್ತೇನ್ರಿ, ರವಿವಾರ ಸಾಲಿ ಸೂಟಿ” ಎಂದೆ.

ಹೋದದ್ದು ಆ ಸುದ್ದಿ ಮುಟ್ಟಿಸಲು ಮಾತ್ರವಲ್ಲ. ನನಗೆ ಆ ದಿನ ಕೊಟ್ಟ ಹದಿನಾಲ್ಕು ಬಾಟ್ಲಿಗಳಲ್ಲಿ ಏಳನ್ನು ಕೈಚೀಲದಲ್ಲಿ, ಸೀರೆಯಲ್ಲಿ ಸುತ್ತಿ ಇಟ್ಟುಕೊಂಡಿದ್ದೆ. ನನಗೆ ಆರಾಮಾಗಿದೆ, ಅವಳಿಗೆ ನೀರು ಸಿಕ್ಕಿದೆ, ಇದು ಹಗಲಿನಷ್ಟು ಸ್ಪಷ್ಟ. ಹೇಳಿದರೆ ಡಾಕ್ಟರರು ಬೇಡವೆನ್ನುತ್ತಾರೆ. ಹೇಳದಿದ್ದರಾಯಿತು. ಜೊತೆಗೆ ಹೊರಟ ರಾಮಣ್ಣನಿಗೂ ಹೇಳಲಿಲ್ಲ. ವಿಜಾಪುರದಲ್ಲಿ ಬಸ್ಸು ಬದಲಿಸಿ ಟಿಕೋಟಾದಲ್ಲಿ ಇಳಿದೆವು.

ಖಾತೂನಬಿ ಹತ್ತಿಯ ಗಂಟುಗಳ ನಡುವೆ ಒಂದು ಹೊಸ ಗಾದಿಯ ಮೇಲೆ ಮಲಗಿದ್ದಳು. ತುಟಿ ಗಾದಿಯಷ್ಟೇ ಬೆಳ್ಳಗಾಗಿತ್ತು. ಬಸ್ ಸ್ಟ್ಯಾಂಡಿನವರೆಗೆ ನಡೆಯಲಾಗದೆ ಬಂದಿರಲಿಲ್ಲ. ಗಂಡಸರು ಹೊರಗೆ ಕೂತರು. ನಾನು ಬಾಗಿಲು ಸರಿಸಿ ಚೀಲದಿಂದ ಬಾಟ್ಲಿ ತೆಗೆದೆ.

“ಇದು ನನ್ನ ನಂಬರು. ನನಗ ವಾಸಿ ಆಗೇತಿ. ಇನ್ನ ಮ್ಯಾಲ ನೀವು ಇದನ್ನ ತಗೋರಿ. ಯಾರಿಗೂ ಹೇಳೂದು ಬ್ಯಾಡ.”

ಅವಳು ಬಾಟ್ಲಿಯನ್ನು ಮುಟ್ಟಲಿಲ್ಲ. ನನ್ನನ್ನೇ ನೋಡಿದಳು. “ಅಕ್ಕೋರ, ಸಾಲ್ಯಾಗ ಹುಡಿಗ್ಯಾರಿಗೆ ಕಾಪಿ ಹೊಡಿಬ್ಯಾಡ್ರಿ ಅಂತೀರಿ. ಈಗ ನನಗ ಕಾಪಿ ಹೊಡಿ ಅಂತ ಟಿಕೋಟಾಕ್ಕ ಬಂದೀರಿ?”

“ಇದು ಪರೀಕ್ಷಾ ಅಲ್ಲ, ಜೀವದ ಪ್ರಶ್ನಾ.”

“ಅದಕ್ಕ ಒಲ್ಲೆ ಅನ್ನಾಕತ್ತೇನಿ.” ಮಾತಾಡಿ ಅವಳಿಗೆ ದಮ್ಮು ಹತ್ತಿತು. ಸುಧಾರಿಸಿಕೊಂಡು ಹೇಳಿದಳು: “ನಾ ನಿಮ್ಮ ಬಾಟ್ಲಿ ತಗೊಂಡು ದಾರದಾಗ ಬಿಳೇ ಗಂಟ ಹಾಕಿದ್ರ, ಡಾಕ್ಟರು ನನ್ನ ನಂಬರಿನ ಬಾಟ್ಲಿ ಚಲೋ ಅಂತ ತಿಳಿತಾರ. ನಾಳೆ ನಮ್ಮಂಥಾಕಿ ಇನ್ನೊಬ್ಬಾಕಿಗೆ ಅದನ್ನ ಕೊಡ್ತಾರ. ನನ್ನ ಸುಳ್ಳು ಆಕಿಗೆ ಔಷಧ ಆಗತೈತಿ. ಆಕೀ ಗತಿ ಏನ್ರಿ ಅಕ್ಕೋರ?”

ಇಪ್ಪತ್ತು ವರ್ಷ ಪಾಠ ಹೇಳಿದವಳು ನಾನು. ಆ ದಿನ ಅವಳ ಪಾಠ ಕೇಳಿದೆ. ಬಾಟ್ಲಿಗಳನ್ನು ಚೀಲಕ್ಕೆ ಹಾಕಿ, “ಬ್ಯಾಡಂದ್ರ ಬ್ಯಾಡ. ಆದ್ರ ಇವತ್ತ, ಈಗ, ನನ್ನ ಜೋಡಿ ದವಾಖಾನಿಗೆ ನಡೀರಿ. ಅದಕ್ಕರ ಒಲ್ಲೆ ಅನ್ನಬ್ಯಾಡ್ರಿ” ಎಂದೆ. “ಅದಕ್ಕ ಬರ್ತೇನಿ” ಎಂದಳು. ಒಂದು ಜೀಪು ಹಿಡಿದು, ಹಿಂದಿನ ಸೀಟಿನ ಮೇಲೆ ಗಾದಿ ಹಾಸಿ, ಮಲಗಿಸಿಕೊಂಡು ಹೊರಟೆವು.

ಡಾಕ್ಟರರು ಅವಳ ಕಣ್ಣಿನ ರೆಪ್ಪೆ ಎಳೆದು ನೋಡಿದವರೇ ಬಾಟ್ಲಿ ನಿಲ್ಲಿಸಿದರು. ಕೂಡಲೇ ರಕ್ತ ಏರಿಸಬೇಕು ಎಂದರು. ಅವಳ ಯಜಮಾನರಿಗೆ ವಯಸ್ಸಾಗಿತ್ತು, ನಾನೇ ರೋಗಿಯಾದ್ದರಿಂದ ನನ್ನ ರಕ್ತವನ್ನು ಡಾಕ್ಟರರು ಕೇಳುವಂತಿರಲಿಲ್ಲ. ರಾಮಣ್ಣ ಅಂಗಿಯ ತೋಳು ಮಡಚಿದರು. ಪರೀಕ್ಷೆ ಮಾಡಿದರೆ ಅವರದೂ ಅವಳದೂ ಒಂದೇ ಗುಂಪು. ಹಗಲೆಲ್ಲ ಸೂಜಿ ಹಿಡಿದೇ ಬದುಕುವ ಮನುಷ್ಯ, ನರ್ಸ್ ಸೂಜಿ ತಂದಾಗ ಕಣ್ಣು ಬಿಗಿಯಾಗಿ ಮುಚ್ಚಿ ನನ್ನ ಕೈ ಹಿಡಿದುಕೊಂಡರು.

ನಾನು ಡಾಕ್ಟರರ ಮುಂದೆ ಚೀಲ ಬಿಚ್ಚಿ ಏಳೂ ಬಾಟ್ಲಿ ಇಟ್ಟು ನಡೆದದ್ದೆಲ್ಲ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಬಾಟ್ಲಿಗಳನ್ನು ಒಂದೊಂದಾಗಿ ಎಣಿಸಿ, “ಹಂಚಿಕೊಂಡಿದ್ರ ನನಗ ಗೊತ್ತಾಗ್ತಿರಲಿಲ್ಲ. ಯಾರಿಗೂ ಗೊತ್ತಾಗ್ತಿರಲಿಲ್ಲ” ಎಂದರು. ನಂತರ, “ಇವನ್ನ ನೀವು ಮುಗಸ್ರಿ” ಎಂದು ತಿರುಗಿ ಕೊಟ್ಟರು.

ಖಾತೂನಬಿಗೆ ಗುಳಿಗೆ, ಕಬ್ಬಿಣದ ಔಷಧ, ಮತ್ತೆ ಎರಡು ಸಲ ರಕ್ತ. ಮಲ ಹೋಗಲು ಹೊಟ್ಟೆಯ ಮೇಲೆ ಬೇರೆ ದಾರಿ ಮಾಡುವ ಆಪರೇಷನ್ನಿನ ಮಾತೂ ಬಂದಿತ್ತು. ಆರು ತಿಂಗಳು ತೂಗುಯ್ಯಾಲೆಯಾಡಿ, ಅದು ಬೇಡವಾಯಿತು. ನಿಧಾನವಾಗಿ ಗಾಯ ಮಾಯಲು ಹತ್ತಿತು. ಯಾವುದರಿಂದ ಎಂದು ಡಾಕ್ಟರರೂ ಖಚಿತವಾಗಿ ಹೇಳಲಿಲ್ಲ. ಹೇಳದಿದ್ದುದಕ್ಕೇ ನನಗೆ ಅವರ ಮೇಲೆ ನಂಬಿಕೆ ಹೆಚ್ಚು.

ಇಬ್ಬರೂ ಪೂರ್ತಿ ಗುಣವಾಗಿದ್ದೇವೆ ಎನ್ನಲಾರೆ. ಖಾರ ತಿಂದ ಮರುದಿನ, ಹೆಚ್ಚು ನಿಂತ ದಿನ, ಒಂದು ಹನಿ ಕಾಣುತ್ತದೆ. ಮೊದಲಿನಂತೆ ಎದೆ ಝಲ್ಲೆನ್ನುವುದಿಲ್ಲ. ಅದು ಏನೆಂದು ಗೊತ್ತಿದೆ. ಗೊತ್ತಿರುವುದರ ಜೊತೆ ಸಂಸಾರ ಮಾಡಬಹುದು.

ಶೋಧ ಮುಗಿದ ಮೇಲೆ, ಹೋದ ಚಳಿಗಾಲದಲ್ಲಿ, ಡಾಕ್ಟರರು ನಮ್ಮಿಬ್ಬರನ್ನೂ ಕರೆಸಿದರು. ಮುಚ್ಚಿಟ್ಟ ಚೀಟಿಗಳನ್ನು ತೆರೆದಿದ್ದರು. ನನ್ನ ಕಡೆ ನೋಡಿ, ಸ್ವಲ್ಪ ಸಂಕೋಚದಿಂದ ಹೇಳಿದರು: “ಅಕ್ಕೋರ, ನಿಮ್ಮ ಬಾಟ್ಲ್ಯಾಗ ಇದ್ದದ್ದು ಉಪ್ಪುನೀರು. ಔಷಧ ಇದ್ದದ್ದು ಖಾತೂನಬಿಯವರದರಾಗ.”

ಖಾತೂನಬಿ ಸೆರಗು ಬಾಯಿಗೆ ಒತ್ತಿ ನಕ್ಕಳು, ಕಣ್ಣಲ್ಲಿ ನೀರು ಬರುವವರೆಗೆ. “ಯಪ್ಪಾ! ನೀರು ಹೊತ್ಕೊಂಡು ಟಿಕೋಟಾಕ್ಕ ಬಂದಿದ್ರೇನ್ರಿ ಅಕ್ಕೋರ? ನಮ್ಮ ಬಾವ್ಯಾಗ ಇರಲಿಲ್ಲೇನು?”

“ಕೆಲವರಿಗೆ ಈ ಗಾಯ ತಾನಾಗೇ ಮಾಯತೈತಿ” ಎಂದರು ಡಾಕ್ಟರರು. “ನೀರು ತಗೊಂಡವರು ಇಲ್ಲದಿದ್ರ ನಾವು ಅದನ್ನೂ ಔಷಧದ ಖಾತೆಗೆ ಹಾಕ್ತಿದ್ವಿ. ಕೆಲವರಿಗೆ ಈ ಔಷಧ ಉಪಯೋಗ ಆಗೇತಿ, ಎಲ್ಲರಿಗೂ ಅಲ್ಲ. ಇನ್ನ ಹುಡುಕಬೇಕು.”

ಆಮೇಲೆ ಅವರು ಟೈಪು ಮಾಡಿದ ಇಂಗ್ಲಿಷ್ ಹಾಳೆಗಳನ್ನು ಮೇಜಿನ ಮೇಲೆ ಹರಡಿದರು. ಖಾತೂನಬಿ ಬಗ್ಗಿ ನೋಡಿ, “ಇದರಾಗ ನಾವು ಎಲ್ಲಿ ಅದೇವ್ರಿ?” ಎಂದು ಕೇಳಿದಳು. ಹೆಸರುಗಳಿರಲಿಲ್ಲ, ಊರುಗಳಿರಲಿಲ್ಲ. ಗೆರೆ ಎಳೆದ ಚೌಕಗಳಲ್ಲಿ ಅಂಕಿಗಳಷ್ಟೇ. ಡಾಕ್ಟರರು ಒಂದು ಅಂಕಿಯ ಮೇಲೆ ಬೆರಳಿಟ್ಟು, “ಇಷ್ಟು ಮಂದ್ಯಾಗ ನೀವೊಬ್ಬರು” ಎಂದರು. ಪಕ್ಕದ ಅಂಕಿ ತೋರಿಸಿ, “ಇಷ್ಟರಾಗ ಅಕ್ಕೋರು.”

ಅವಳ ನಗು ನಿಂತಿತು. “ನಮ್ಮಂಥವರು ಇನ್ನೂ ಮಂದಿ ಅದಾರೇನ್ರಿ?”

“ಹೌದ್ರಿ. ಬ್ಯಾರೆ ಬ್ಯಾರೆ ಊರಿನವರು.”

ಅವಳು ಆ ಅಂಕಿಯ ಮೇಲೆ ತನ್ನ ಬೆರಳನ್ನೂ ಇಟ್ಟಳು, ಒರೆಸಿ ಹೋದೀತೇನೋ ಎಂಬಂತೆ ಮೆಲ್ಲಗೆ. “ಇವರೆಲ್ಲ ಈಗ ಹೆಂಗದಾರ?”

“ಬಾಳ ಮಂದಿ ಚಲೋ ಅದಾರ. ಕೆಲವರು ಇನ್ನೂ ಬರ್ತಾರ ದವಾಖಾನಿಗೆ.”

“ಬಂದಾಗ ಹೇಳ್ರಿ ಅವರಿಗೆ,” ಎಂದಳು ಖಾತೂನಬಿ, “ಟಿಕೋಟಾದಾಕಿ ಒಬ್ಬಾಕಿ, ಬಬಲೇಶ್ವರದಾಕಿ ಒಬ್ಬಾಕಿ, ನಿಮ್ಮನ್ನ ಕೇಳಿದ್ರು ಅಂತ.”

ಡಾಕ್ಟರರು ಜೇಬಿನಿಂದ ಪೆನ್ನು ತೆಗೆದು, ಆ ಹಾಳೆಯ ಅಂಚಿನಲ್ಲಿ, ಕನ್ನಡದಲ್ಲಿ, ಅವಳು ಅಂದದ್ದನ್ನು ಅಂದ ಹಾಗೆಯೇ ಬರೆದುಕೊಂಡರು.